ಗಂಧಕ ತಿನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತಿಲ್ಲವೆ? ಮೊದಲು ಗಂಧಕದ ಲೆಕ್ಕ ತೆಗೆಯಿರಿ

ಫ್ಲಾಸ್ಕು ಶೇಕರ್ ಹತ್ತಿ ಹದಿನೆಂಟು ದಿನವಾಗಿತ್ತು. ಗಂಧಕ ತಿನ್ನುವ ಬ್ಯಾಕ್ಟೀರಿಯಾ ಬೆಳೆದರೆ ಆಮ್ಲ ಹುಟ್ಟಿ ಪಿಎಚ್ ಇಳಿಯಬೇಕು. ಇಲ್ಲಿ ಪಿಎಚ್ ಮೊದಲ ದಿನ 4.5, ಹದಿನೆಂಟನೆಯ ದಿನ 4.4. ಆ ಹೊತ್ತಿಗೆ ಎರಡು ಸಲ ಹೊಸ ಇನಾಕ್ಯುಲಮ್ (ಬಿತ್ತನೆಯ ಬ್ಯಾಕ್ಟೀರಿಯಾ) ಹಾಕಿದ್ದೆ, ಲವಣಗಳನ್ನೆಲ್ಲ ಮತ್ತೆ ತೂಗಿ ಮಾಧ್ಯಮ (ಬ್ಯಾಕ್ಟೀರಿಯಾ ಬೆಳೆಸುವ ದ್ರವ) ಮಾಡಿದ್ದೆ, ಕಲ್ಚರ್ ಕೊಟ್ಟವರ ಮೇಲೆ ಮನಸ್ಸಿನಲ್ಲೇ ಸಿಡುಕಿಯೂ ಆಗಿತ್ತು. ಕೊನೆಗೊಂದು ಸಂಜೆ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ಓರೆ ಮಾಡಿದರೆ, ತಳದಲ್ಲಿ ಮಣಿಗಾತ್ರದ ಹಳದಿ ಗುಂಡುಗಳು ಗಾಜಿಗೆ ಬಡಿದು ಸದ್ದು ಮಾಡುತ್ತಾ ಉರುಳಿದವು. ಹಿಟ್ಟಿನಂತಿದ್ದ ಗಂಧಕವನ್ನು ನಾನು ಮಾಧ್ಯಮದ ಜೊತೆಗೇ ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ 121 ಡಿಗ್ರಿಯ ಆಟೋಕ್ಲೇವ್‌ಗೆ ತಳ್ಳಿದ್ದೆ. ಗಂಧಕ ಕರಗುವುದು ಸುಮಾರು 115 ಡಿಗ್ರಿಗೆ. ಕರಗಿ, ಒಂದಕ್ಕೊಂದು ಅಂಟಿ, ತಣಿದು ಗುಂಡಾಗಿತ್ತು.

ಗಂಧಕ ಅಷ್ಟೇ ಇತ್ತು, ಒಂದು ಗ್ರಾಮೂ ಕಡಿಮೆಯಾಗಿರಲಿಲ್ಲ. ಹೋಗಿದ್ದು ಮೇಲ್ಮೈ. 10 ಮೈಕ್ರಾನಿನ ಕಣಗಳು 4 ಮಿಲಿಮೀಟರಿನ ಗುಂಡುಗಳಾದರೆ ಅದೇ ತೂಕಕ್ಕೆ ಸಿಗುವ ಮೇಲ್ಮೈ 400ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನೀರಿನಲ್ಲಿ ಕರಗದ ಆಹಾರವನ್ನು ಅಂಟಿಕೊಂಡು ಕುಳಿತೇ ತಿನ್ನುವ ಜೀವಿಗೆ ಮೇಲ್ಮೈ ಇಲ್ಲವೆಂದರೆ ಊಟವಿಲ್ಲವೆಂದೇ ಅರ್ಥ.

ಅಲ್ಲಿಂದ ಮುಂದೆ ನಾನು ಈ ಬ್ಯಾಕ್ಟೀರಿಯಾಗಳ ವಿಷಯದಲ್ಲಿ "ಬೆಳೆದಿದೆಯೇ?" ಎಂದು ಕೇಳುವುದನ್ನು ಬಿಟ್ಟೆ. "ಹಾಕಿದ ಗಂಧಕ ಈಗ ಯಾವ ರೂಪದಲ್ಲಿ, ಎಲ್ಲಿ ಕೂತಿದೆ?" ಎಂದು ಕೇಳುತ್ತೇನೆ. ಬೇರೆ ಬ್ಯಾಕ್ಟೀರಿಯಾಗಳಲ್ಲಿ ಕಣ್ಣಿಗೆ ಕಾಣುವ ಮಬ್ಬು ಸಾಕು. ಇಲ್ಲಿ ಕಣ್ಣು ಎರಡೂ ಕಡೆಗೆ ಮೋಸ ಮಾಡುತ್ತದೆ: ಬೆಳೆಯದೆಯೂ ಬೆಳ್ಳಗಾಗುತ್ತದೆ, ಭರ್ಜರಿಯಾಗಿ ಬೆಳೆದರೂ ನೀರು ತಿಳಿಯಾಗಿರುತ್ತದೆ.

ಸರಿಯಾಗಿರುವ ಫ್ಲಾಸ್ಕಿನಲ್ಲಿ ಏನಾಗುತ್ತಿರುತ್ತದೆ

ಗಂಧಕದ ಸಂಯುಕ್ತಗಳಿಂದ ಎಲೆಕ್ಟ್ರಾನು ಕಿತ್ತು ಆಮ್ಲಜನಕಕ್ಕೆ ದಾಟಿಸಿ, ನಡುವೆ ಸಿಗುವ ಶಕ್ತಿಯಲ್ಲಿ ಬದುಕುವ ಜೀವಿಗಳು ಇವು. ಮೈಗೆ ಬೇಕಾದ ಇಂಗಾಲ ಗಾಳಿಯ ಕಾರ್ಬನ್ ಡೈಆಕ್ಸೈಡ್‌ನಿಂದ, ಅದೂ ಹಸಿರು ಗಿಡಗಳು ಬಳಸುವ ಕ್ಯಾಲ್ವಿನ್ ಚಕ್ರದ ದಾರಿಯಲ್ಲೇ. 1887ರಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಬೆಜ್ಜಿಯಟೋವಾ ಎಂಬ ಎಳೆಯಾಕಾರದ ಬ್ಯಾಕ್ಟೀರಿಯಾವನ್ನು ಗಮನಿಸುತ್ತಾ, ಹೈಡ್ರೋಜನ್ ಸಲ್ಫೈಡ್ ಸಿಕ್ಕಾಗ ಅದರ ಒಳಗೆ ಗಂಧಕದ ಹನಿಗಳು ತುಂಬಿಕೊಳ್ಳುವುದನ್ನೂ, ಸಿಗದಿದ್ದಾಗ ಅವು ಖಾಲಿಯಾಗಿ ಸಲ್ಫ್ಯೂರಿಕ್ ಆಮ್ಲವಾಗುವುದನ್ನೂ ಗುರುತಿಸಿದರು. ಅವರು ತೆಗೆದದ್ದೂ ಗಂಧಕದ ಲೆಕ್ಕವನ್ನೇ.

ಒಂದು ಮೋಲ್ ಗಂಧಕ ಪೂರ್ತಿ ಸಲ್ಫೇಟ್ ಆದರೆ ಸುಮಾರು 587 ಕಿಲೋಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಕೇಳಲು ದೊಡ್ಡ ಮೊತ್ತ. ಆದರೆ ಇಂಗಾಲವನ್ನು ಕಟ್ಟಲು ಎಲೆಕ್ಟ್ರಾನು ಹೊತ್ತು ತರುವ ಎನ್‌ಎಡಿಎಚ್ ಎಂಬ ಅಣು ಬೇಕು, ಮತ್ತು ಗಂಧಕದ ಎಲೆಕ್ಟ್ರಾನು ತಾನಾಗಿ ಅಷ್ಟು ಎತ್ತರಕ್ಕೆ ಏರುವುದಿಲ್ಲ. ಬಾವಿಯಿಂದ ನೀರು ಸೇದಿದ ಹಾಗೆ ಶಕ್ತಿ ಸುರಿದು ಅದನ್ನು ಮೇಲಕ್ಕೆತ್ತಬೇಕು. ಗಳಿಕೆಯ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ. ಆದ್ದರಿಂದ ರಾಶಿ ರಾಶಿ ಆಮ್ಲ ಹುಟ್ಟಿದರೂ ಜೀವಕೋಶಗಳ ಫಸಲು ಕಡಿಮೆಯೇ. ದಟ್ಟವಾದ ಕಲ್ಚರ್ ನಿರೀಕ್ಷಿಸಿ ಕೂತವರಿಗೆ ಸರಿಯಾಗಿ ಬೆಳೆದ ಫ್ಲಾಸ್ಕೂ ಸೋತಂತೆ ಕಾಣುತ್ತದೆ.

ಇನ್ನು ಅಂಕಿ. ಲೀಟರಿಗೆ 5 ಗ್ರಾಂ ಸೋಡಿಯಂ ಥಯೋಸಲ್ಫೇಟ್ (ನೀರಿನಲ್ಲಿ ಕರಗುವ ಗಂಧಕದ ಲವಣ, ಐದು ನೀರಿನ ಅಣು ಇರುವ ಹರಳು) ಹಾಕಿದರೆ ಅದು ಸುಮಾರು 20 ಮಿಲಿಮೋಲ್. ಪೂರ್ತಿ ಉತ್ಕರ್ಷಣೆಯಾದರೆ 40 ಮಿಲಿಮೋಲ್ ಸಲ್ಫೇಟ್, 40 ಮಿಲಿಮೋಲ್ ಆಮ್ಲ ಬರಬೇಕು, 40 ಮಿಲಿಮೋಲ್ ಆಮ್ಲಜನಕ ಖರ್ಚಾಗಬೇಕು. ಈ ಮೂರು ಸಂಖ್ಯೆಗಳನ್ನು ಫ್ಲಾಸ್ಕಿನ ಮೇಲೆ ಬರೆದಿಟ್ಟುಕೊಳ್ಳಿ. 30 ಡಿಗ್ರಿಯಲ್ಲಿ ಗಾಳಿಯೊಂದಿಗೆ ಸಮವಾದ ನೀರು ಹಿಡಿದಿಡುವ ಆಮ್ಲಜನಕ ಲೀಟರಿಗೆ ಬರೀ 7.5 ಮಿಲಿಗ್ರಾಂ, ಅಂದರೆ 0.24 ಮಿಲಿಮೋಲಿಗಿಂತ ತುಸು ಕಡಿಮೆ. ಕೆಲಸ ಮುಗಿಯುವಷ್ಟರಲ್ಲಿ ಆ ನೀರಿನ ಆಮ್ಲಜನಕ ಸುಮಾರು 170 ಸಲ ಹೊಸದಾಗಬೇಕು. ಶೇಕರ್ ಯಾಕೆ ಬೇಕು, ಫ್ಲಾಸ್ಕನ್ನು ಕಂಠಮಟ್ಟ ತುಂಬಬಾರದೇಕೆ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಪ್ರತಿ ಸಲವೂ ಎರಡು ಫ್ಲಾಸ್ಕು ಇಡಿ: ಒಂದರಲ್ಲಿ ಬ್ಯಾಕ್ಟೀರಿಯಾ, ಇನ್ನೊಂದರಲ್ಲಿ ಏನೂ ಇಲ್ಲ. ಬ್ಯಾಕ್ಟೀರಿಯಾ ಇಲ್ಲದ ಫ್ಲಾಸ್ಕಿನ ಅಂಕಿಯನ್ನು ಕಳೆಯದೆ ಕೆಳಗಿನ ಯಾವ ಲಕ್ಷಣವನ್ನೂ ಓದಲು ಹೋಗಬೇಡಿ. ಗಂಧಕದ ರಸಾಯನಶಾಸ್ತ್ರ ಯಾರ ಸಹಾಯವೂ ಇಲ್ಲದೆ ತಾನೇ ಎಷ್ಟೋ ಆಟ ಆಡುತ್ತದೆ.

ಪಿಎಚ್ ಅಲುಗುತ್ತಲೇ ಇಲ್ಲ

ಮೊದಲು ಗಂಧಕವನ್ನೇ ನೋಡಿ. ಗುಂಡಾಗಿದ್ದರೆ ಕಥೆ ಮೇಲೆ ಹೇಳಿದ್ದೇ. ಪರಿಹಾರವೆಂದರೆ ಗಂಧಕವನ್ನು ಬೇರೆಯಾಗಿ, ಒಣದಾಗಿ, ಮುಚ್ಚಿದ ಗಾಜಿನ ಪಾತ್ರೆಯಲ್ಲಿ 100 ಡಿಗ್ರಿ ಹಬೆಯಲ್ಲಿ ದಿನಕ್ಕೊಂದು ಗಂಟೆಯಂತೆ ಸತತ ಮೂರು ದಿನ ಇಟ್ಟು, ತಣಿದ ಮಾಧ್ಯಮದ ಮೇಲೆ ಉದುರಿಸುವುದು. ನಡುವಿನ ಎರಡು ರಾತ್ರಿಗಳಲ್ಲಿ ಬೀಜಕಗಳು ಮೊಳೆತು ಮರುದಿನದ ಹಬೆಗೆ ಸಾಯುತ್ತವೆ ಎನ್ನುವುದು ಇದರ ಹಿಂದಿನ ಹಳೆಯ ಉಪಾಯ. ಒಣ ಪುಡಿಯಲ್ಲಿ ಮೊಳೆಯುವುದು ಅಷ್ಟು ಖಾತ್ರಿಯಲ್ಲ, ಒಪ್ಪುತ್ತೇನೆ. ಆದರೆ ಪಿಎಚ್ 2ರ ಮಾಧ್ಯಮದಲ್ಲಿ ಉಳಿದ ಬೀಜಕ ಏನೂ ಕಿಸಿಯಲಾರದು. ತಟಸ್ಥ ಪಿಎಚ್ ಜಾತಿಗಳಿಗೆ ಮಾತ್ರ ಹೆಚ್ಚು ಎಚ್ಚರ ಬೇಕು.

ಗಂಧಕ ಪುಡಿಯಾಗೇ ಇದ್ದು, ನೀರಿನ ಮೇಲೆ ಒಣ ಪೊರೆಯಂತೆ ತೇಲುತ್ತಿದೆಯೆ? ಗಂಧಕಕ್ಕೂ ನೀರಿಗೂ ಆಗಿಬರುವುದಿಲ್ಲ. ಬ್ಯಾಕ್ಟೀರಿಯಾ ತಾವೇ ಮೇಲ್ಮೈ ಸಡಿಲಿಸುವ ಕೊಬ್ಬಿನಂಥ ಪದಾರ್ಥಗಳನ್ನು ಹೊರಬಿಟ್ಟು ಕ್ರಮೇಣ ಅದನ್ನು ಒದ್ದೆ ಮಾಡಿಕೊಳ್ಳುತ್ತವೆ. ಪುಡಿ ಮುಳುಗತೊಡಗಿತು, ನೀರಿನಲ್ಲಿ ಸಮನಾಗಿ ಸುತ್ತತೊಡಗಿತು ಎಂದರೆ ಪಿಎಚ್ ಮೀಟರಿಗಿಂತ ಮೊದಲೇ ಸಿಗುವ ಶುಭಸೂಚನೆ. ಬ್ಯಾಕ್ಟೀರಿಯಾ ಇಲ್ಲದ ಪಕ್ಕದ ಫ್ಲಾಸ್ಕಿನಲ್ಲಿ ಪುಡಿ ತೇಲುತ್ತಲೇ ಇರುತ್ತದೆ. ಅವಸರಪಟ್ಟು ಸೋಪಿನಂಥದ್ದನ್ನು ಸುರಿಯುವವರಿದ್ದಾರೆ. ಬೇಡ. ಹಾಗೆಯೇ ಬೆಳೆಗೆ ಸಿಂಪಡಿಸುವ, ನೀರಿನಲ್ಲಿ ಕದಡುವ ಗಂಧಕವನ್ನೂ ಬಳಸಬೇಡಿ. ಅದರಲ್ಲಿ ಬೆರೆಸಿರುವ ಪದಾರ್ಥಗಳು ನಿಮ್ಮ ಲೆಕ್ಕಕ್ಕೆ ಸಿಗುವುದಿಲ್ಲ.

ಗಂಧಕ ಸರಿಯಾಗಿದ್ದರೆ ಅನುಮಾನ ಇನಾಕ್ಯುಲಮ್ ಕಡೆಗೆ. ಬಹಳ ಮಂದಿ ಮಾಡುವ ತಪ್ಪು: ಹಳೆಯ ಫ್ಲಾಸ್ಕನ್ನು ಅಲ್ಲಾಡದಂತೆ ಇಟ್ಟು, ಪುಡಿ ತಳ ಸೇರಿದ ಮೇಲೆ, "ಕೊಳೆ ಬರಬಾರದು" ಎಂದು ಮೇಲಿನ ತಿಳಿನೀರನ್ನು ಪಿಪೆಟ್ಟಿನಿಂದ ಎತ್ತುವುದು. ಜೀವಕೋಶಗಳು ಇರುವುದು ಆ "ಕೊಳೆ"ಯಲ್ಲೇ. ಫ್ಲಾಸ್ಕನ್ನು ಚೆನ್ನಾಗಿ ಕುಲುಕಿ, ಗಂಧಕದ ಪುಡಿಯನ್ನೂ ಸೇರಿಸಿ, ಹೊಸ ಮಾಧ್ಯಮದ 10 ಶೇಕಡಾದಷ್ಟು ವರ್ಗಾಯಿಸಿ. ತಿಳಿನೀರಿನಿಂದ ಶುರುಮಾಡಿ ಮೂರು ವಾರ ಕಾದದ್ದು ಪುಡಿಸಹಿತ ಹಾಕಿದಾಗ ಒಂದೇ ವಾರಕ್ಕೆ ಬಂದದ್ದನ್ನು ನಾನು ಪಕ್ಕಪಕ್ಕದಲ್ಲೇ ಇಟ್ಟು ನೋಡಿದ್ದೇನೆ.

ಮೂರನೆಯದು, ಮಾಧ್ಯಮದ ಪಿಎಚ್ ಇಳಿಸಲು ಬಳಸಿದ ಆಮ್ಲ. ಆಸಿಡಿಥಯೋಬ್ಯಾಸಿಲಸ್ ಥಯೋಆಕ್ಸಿಡಾನ್ಸ್‌ನಂಥ ಆಮ್ಲಪ್ರಿಯ ಬ್ಯಾಕ್ಟೀರಿಯಾಕ್ಕೆ ಸಲ್ಫ್ಯೂರಿಕ್ ಆಮ್ಲವನ್ನೇ ಬಳಸಿ. ಕೈಗೆ ಸಿಕ್ಕಿತೆಂದು ಹೈಡ್ರೋಕ್ಲೋರಿಕ್ ಅಥವಾ ನೈಟ್ರಿಕ್ ಆಮ್ಲ ಹಾಕಿದಿರೋ, ಕ್ಲೋರೈಡ್, ನೈಟ್ರೇಟ್‌ಗಳು ಒಳನುಗ್ಗಿ ಕೆಲಸ ಕೆಡಿಸುತ್ತವೆ. ಕಾರಣ ಇಷ್ಟು: ಹೊರಗೆ ಪಿಎಚ್ 2 ಇದ್ದರೂ ಜೀವಕೋಶದೊಳಗೆ ಹೆಚ್ಚುಕಡಿಮೆ ತಟಸ್ಥ, 6.5ರ ಆಸುಪಾಸು. ನುಗ್ಗಲು ಕಾದಿರುವ ಪ್ರೋಟಾನುಗಳನ್ನು (ಆಮ್ಲದ ಹೈಡ್ರೋಜನ್ ಅಯಾನುಗಳನ್ನು) ತಡೆಯಲು ಅವು ಪೊರೆಯ ಒಳಮೈಯನ್ನು ಧನ ವಿದ್ಯುತ್ತಿನ ಕಡೆಗೆ ತಿರುಗಿಸಿಕೊಂಡಿರುತ್ತವೆ. ಋಣ ವಿದ್ಯುತ್ತಿನ ಸಣ್ಣ ಅಯಾನುಗಳಿಗೆ ಅದೇ ಕೈಬೀಸಿ ಕರೆದಂತೆ. ಅವು ಒಳಗೆ ಸೇರಿದಷ್ಟೂ ತಡೆ ಕುಸಿದು ಪ್ರೋಟಾನೂ ಹಿಂದೆಯೇ ಬರುತ್ತದೆ. ಸಲ್ಫೇಟ್‌ಗೆ ಆ ಪೊರೆಯನ್ನು ದಾಟುವುದು ಸುಲಭವಲ್ಲ, ಹಾಗಾಗಿ ಬಚಾವು.

ಅಸಿಟಿಕ್ ಆಮ್ಲದಂಥ ಸಾವಯವ ಆಮ್ಲಗಳದ್ದು ಇನ್ನೂ ಕೆಟ್ಟ ಕಥೆ. ಪಿಎಚ್ 2ರಲ್ಲಿ ಅವು ಒಡೆಯದೆ ಇಡಿಯ ಅಣುವಾಗಿ ಪೊರೆ ದಾಟಿ, ಒಳಗಿನ ತಟಸ್ಥ ವಾತಾವರಣದಲ್ಲಿ ಒಡೆದು ಪ್ರೋಟಾನು ಬಿಡುತ್ತವೆ. ಬೇರೆ ಬ್ಯಾಕ್ಟೀರಿಯಾಗಳಿಗೆ ಪುಷ್ಟಿಯಾದ ಯೀಸ್ಟ್ ಎಕ್ಸ್‌ಟ್ರಾಕ್ಟ್ ಇಲ್ಲಿ ಅಡ್ಡಿಯಾಗುವುದೂ ಹೀಗೆಯೇ. "ಸ್ವಲ್ಪ ಬಲ ಬರಲಿ" ಎಂದು ಅದನ್ನು ಉದುರಿಸಿ ಕಲ್ಚರ್ ಕೊಂದವರ ಪಟ್ಟಿಯಲ್ಲಿ ನಾನೂ ಇದ್ದೇನೆ. ಗಾಜಿನಲ್ಲಿ ಉಳಿದ ಡಿಟರ್ಜೆಂಟೂ ಅದೇ ಸಾಲಿಗೆ: ತೊಳೆದ ಫ್ಲಾಸ್ಕುಗಳನ್ನು ಆಮ್ಲದಲ್ಲಿ ಅದ್ದಿ, ಡಿಸ್ಟಿಲ್ಡ್ ನೀರಿನಲ್ಲಿ ಜಾಲಾಡಿಸಿ.

ಉಷ್ಣತೆಯ ಬಗ್ಗೆ ಒಂದೇ ಮಾತು: ಥಯೋಆಕ್ಸಿಡಾನ್ಸ್‌ಗೆ 28ರಿಂದ 30 ಡಿಗ್ರಿ, ಅದೇ ಕುಲದ ಕಾಲ್ಡಸ್‌ಗೆ 45ರ ಸುಮಾರು. ಫ್ಲಾಸ್ಕಿನೊಳಗೆ ಥರ್ಮಾಮೀಟರ್ ಅದ್ದಿ ನೋಡಿ, ಶೇಕರಿನ ಪರದೆಯನ್ನು ನಂಬಬೇಡಿ.

ಪಿಎಚ್ ಇಳಿಯುವ ಬದಲು ಏರುತ್ತಿದೆ

ಥಯೋಸಲ್ಫೇಟ್ ಹಾಕಿದ ಫ್ಲಾಸ್ಕಿನಲ್ಲಿ ಇದನ್ನು ಕಂಡು ಗಾಬರಿಯಾಗಿ ಚೆಲ್ಲುವವರೇ ಹೆಚ್ಚು. ಚೆಲ್ಲಬೇಡಿ, ಬಹುಶಃ ಎಲ್ಲವೂ ಸರಿಯಾಗಿಯೇ ಇದೆ.

ಥಯೋಸಲ್ಫೇಟ್‌ನಿಂದ ಸಲ್ಫೇಟ್‌ಗೆ ಒಂದೇ ದಾರಿಯಿಲ್ಲ. ಸಾಕ್ಸ್ ಎಂಬ ಕಿಣ್ವಗಳ ಗುಂಪಿರುವ ಜಾತಿಗಳು ಥಯೋಸಲ್ಫೇಟನ್ನು ಒಂದು ಪ್ರೋಟೀನಿಗೆ ಕಟ್ಟಿಹಾಕಿ, ಅಲ್ಲೇ ಉತ್ಕರ್ಷಿಸಿ, ಸಲ್ಫೇಟ್ ಆದ ಮೇಲಷ್ಟೇ ಬಿಟ್ಟುಕೊಡುತ್ತವೆ. ನಡುವಿನ ಸರಕು ನೀರಿನಲ್ಲಿ ಕಾಣಿಸುವುದಿಲ್ಲ, ಪಿಎಚ್ ಮೊದಲಿನಿಂದಲೇ ಇಳಿಯುತ್ತದೆ. ಆಮ್ಲಪ್ರಿಯ ಜಾತಿಗಳು ಹೆಚ್ಚಾಗಿ ಹಿಡಿಯುವ ಇನ್ನೊಂದು ದಾರಿಯಲ್ಲಿ ಮೊದಲು ಎರಡೆರಡು ಥಯೋಸಲ್ಫೇಟ್ ಕೂಡಿ ಟೆಟ್ರಾಥಯೋನೇಟ್ ಆಗುತ್ತದೆ. ಈ ಹೆಜ್ಜೆ ಆಮ್ಲವನ್ನು ಹುಟ್ಟಿಸುವುದಿಲ್ಲ, ನುಂಗುತ್ತದೆ: ಥಯೋಸಲ್ಫೇಟ್ ಒಂದಕ್ಕೆ ಪ್ರೋಟಾನು ಒಂದು. ಆಮೇಲೆ ಟೆಟ್ರಾಥಯೋನೇಟ್ ಒಡೆದಾಗ ಪ್ರತಿಯೊಂದರಿಂದ ಆರು ಪ್ರೋಟಾನು ಹೊರಬರುತ್ತವೆ. ನಮ್ಮ 20 ಮಿಲಿಮೋಲಿನ ಫ್ಲಾಸ್ಕಿನಲ್ಲಿ ಮೊದಲು 20 ಖರ್ಚು, ಆಮೇಲೆ 60 ಜಮೆ, ಉಳಿಕೆ 40. ಬ್ಯಾಂಕಿನ ಪಾಸ್‌ಬುಕ್ಕನ್ನು ತಿಂಗಳ ಮಧ್ಯದಲ್ಲಿ ತೆರೆದು ನೋಡಿ ದಿವಾಳಿಯಾದೆ ಎಂದುಕೊಂಡ ಹಾಗೆ, ಆ ಮೊದಲ ಹಂತದಲ್ಲಿ ನೋಡಿದವರಿಗೆ ಪಿಎಚ್ ಏರಿದ್ದು ಮಾತ್ರ ಕಾಣುತ್ತದೆ.

ಇದನ್ನು ಖಚಿತಪಡಿಸಿಕೊಳ್ಳುವುದು ಸುಲಭ. ಸ್ವಲ್ಪ ದ್ರವ ತೆಗೆದು ಅಯೋಡಿನ್ ಟೈಟ್ರೇಷನ್ (ಹನಿಹನಿಯಾಗಿ ಹಾಕಿ ಎಷ್ಟು ಹಿಡಿಯಿತೆಂದು ಅಳೆಯುವುದು) ಮಾಡಿ. ಥಯೋಸಲ್ಫೇಟ್ ಅಯೋಡಿನ್ ಬಣ್ಣ ತೆಗೆಯುತ್ತದೆ, ಟೆಟ್ರಾಥಯೋನೇಟ್ ತೆಗೆಯುವುದಿಲ್ಲ. ಅಯೋಡಿನ್ ಲೆಕ್ಕದಲ್ಲಿ ಥಯೋಸಲ್ಫೇಟ್ ಕಡಿಮೆಯಾಗಿದೆ, ಪಿಎಚ್ ಏರಿದೆ, ಸಲ್ಫೇಟ್ ಮಾತ್ರ ಹೆಚ್ಚಿಲ್ಲ: ಗಂಧಕ ಟೆಟ್ರಾಥಯೋನೇಟ್ ಆಗಿ ಕೂತಿದೆ ಎಂದರ್ಥ. ಒಂದೆರಡು ದಿನ ಬಿಟ್ಟು ನೋಡಿ, ಪಿಎಚ್ ತಿರುಗಿ ಇಳಿಯಲು ಶುರುವಾಗುತ್ತದೆ.

ಇಳಿಯದಿದ್ದರೆ? ಆಗ ನಿಜವಾದ ದೋಷವಿದೆ. ಲೆಕ್ಕ ನೋಡಿ: ಟೆಟ್ರಾಥಯೋನೇಟ್ ಆಗಲು ಥಯೋಸಲ್ಫೇಟ್ ಒಂದಕ್ಕೆ ಕಾಲು ಅಣು ಆಮ್ಲಜನಕ ಸಾಕು, ಪೂರ್ತಿ ಸಲ್ಫೇಟ್ ಆಗಲು ಎರಡು ಬೇಕು. ಗಾಳಿಯ ಬಡತನವಿರುವ ಫ್ಲಾಸ್ಕು ಮೊದಲ ಮೆಟ್ಟಿಲು ಹತ್ತಿ ಎರಡನೆಯದರ ಮುಂದೆ ಕುಸಿಯುತ್ತದೆ. 250 ಮಿಲಿಲೀಟರ್ ಫ್ಲಾಸ್ಕಿನಲ್ಲಿ 200 ತುಂಬಿದ್ದರೆ 75ಕ್ಕೆ ಇಳಿಸಿ. ರಬ್ಬರ್ ಬಿರಡೆ ಬಿಗಿದಿದ್ದರೆ ಹತ್ತಿಯ ಬಿರಡೆ ಹಾಕಿ. ಹತ್ತಿ ಒದ್ದೆಯಾಗಿದ್ದರೆ ಅದೂ ಬಿಗಿದ ಬಿರಡೆಯೇ.

ಹಾಲಿನಂತೆ ಬೆಳ್ಳಗಾಗಿದೆ

"ಎರಡೇ ದಿನಕ್ಕೆ ಬಂದುಬಿಟ್ಟಿತು!" ಎಂದು ಖುಷಿಪಡುವ ಮೊದಲು ಬ್ಯಾಕ್ಟೀರಿಯಾ ಇಲ್ಲದ ಫ್ಲಾಸ್ಕಿನ ಕಡೆ ತಿರುಗಿ. ಅದೂ ಬೆಳ್ಳಗಿದ್ದರೆ ನೀವು ನೋಡುತ್ತಿರುವುದು ರಸಾಯನಶಾಸ್ತ್ರ. ಆಮ್ಲದಲ್ಲಿ ಥಯೋಸಲ್ಫೇಟ್ ನಿಲ್ಲುವುದಿಲ್ಲ. ಪಿಎಚ್ 4ರ ಕೆಳಗೆ ಹೋದಂತೆ ಗಂಧಕವಾಗಿಯೂ ಸಲ್ಫರ್ ಡೈಆಕ್ಸೈಡ್ ಆಗಿಯೂ ಒಡೆಯುತ್ತದೆ. ಬೆಳ್ಳಗೆ ಕಾಣುವುದು ಆ ಗಂಧಕದ ಸಣ್ಣ ಹನಿಗಳು. ಬೆಂಕಿಕಡ್ಡಿ ಗೀರಿದಾಗಿನಂಥ ಚುರುಕು ವಾಸನೆ ಸಲ್ಫರ್ ಡೈಆಕ್ಸೈಡ್‌ನದು, ಮತ್ತು ನೀರಿನಲ್ಲಿ ಕರಗಿದ ಅದು ಬ್ಯಾಕ್ಟೀರಿಯಾಕ್ಕೆ ವಿಷ. ಅಂದರೆ ಬೆಳವಣಿಗೆಯ ಗುರುತು ಎಂದುಕೊಂಡದ್ದು ಬೆಳವಣಿಗೆಯನ್ನು ಕೊಲ್ಲುತ್ತಿರುವುದರ ಗುರುತು.

ಆಮ್ಲಪ್ರಿಯ ಜಾತಿಗೆ ಥಯೋಸಲ್ಫೇಟ್ ಕೊಡಲೇಬೇಕೆಂದರೆ ಪಿಎಚ್ 4.5ರ ಮೇಲೆ ಶುರುಮಾಡಿ. ಇನ್ನೂ ಕೆಳಗಿನ ಪಿಎಚ್ ಬೇಕೆಂದರೆ ಗಂಧಕದ ಪುಡಿಯನ್ನೋ ಆಮ್ಲದಲ್ಲಿ ನಿಲ್ಲುವ ಟೆಟ್ರಾಥಯೋನೇಟನ್ನೋ ಕೊಡಿ. ಥಯೋಸಲ್ಫೇಟ್ ದ್ರಾವಣವನ್ನು ಕಾಯಿಸದೆ, 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ತಣಿದ ಮಾಧ್ಯಮಕ್ಕೆ ಕೊನೆಯಲ್ಲಿ ಸೇರಿಸಿ.

ತಟಸ್ಥ ಪಿಎಚ್‌ನಲ್ಲಿ ಬೆಳ್ಳಗಾದರೆ ಅರ್ಥ ಬೇರೆ. ಥಯೋಬ್ಯಾಸಿಲಸ್ ಥಯೋಪಾರಸ್ ಥಯೋಸಲ್ಫೇಟ್ ತಿನ್ನುತ್ತಾ ಜೀವಕೋಶದ ಹೊರಗೆ ಗಂಧಕ ಉಗುಳುವುದುಂಟು. ಅಲ್ಲಿ ಬಿಳುಪು ನಿಜವಾದ ಬೆಳವಣಿಗೆಯ ಗುರುತೇ. ಆದರೆ ಆಟೋಕ್ಲೇವಿನಿಂದ ಹೊರಬಂದ ಕೂಡಲೇ ಬಿಳಿ ಮೋಡ ಕಂಡಿದ್ದರೆ ಅದು ಗಂಧಕವೂ ಅಲ್ಲ, ಫಾಸ್ಫೇಟ್‌ ಜೊತೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ಸೇರಿ ಕೂತ ಮಡ್ಡಿ. ಫಾಸ್ಫೇಟನ್ನು ಬೇರೆ ಬಾಟಲಿಯಲ್ಲಿ ಕಾಯಿಸಿ.

ಗೊಂದಲ ಬಗೆಹರಿಸುವುದು ಸೂಕ್ಷ್ಮದರ್ಶಕ. ಗಂಧಕದ ಹನಿ ದುಂಡಗೆ, ಹೊಳೆಯುವ ಅಂಚಿನೊಂದಿಗೆ, ಒಂದೊಂದು ಒಂದೊಂದು ಗಾತ್ರದಲ್ಲಿ ಕಾಣುತ್ತದೆ, ನಿಂತಲ್ಲೇ ನಡುಗುತ್ತದೆ. ಥಯೋಆಕ್ಸಿಡಾನ್ಸ್ ಸುಮಾರು ಅರ್ಧ ಮೈಕ್ರಾನ್ ದಪ್ಪ, ಒಂದೆರಡು ಮೈಕ್ರಾನ್ ಉದ್ದದ ಕಡ್ಡಿ. ತಾಜಾ ಕಲ್ಚರಿನಲ್ಲಿ ಒಂದು ದಿಕ್ಕು ಹಿಡಿದು ಈಜುತ್ತದೆ. ನಡುಗುವುದಕ್ಕೂ ಈಜುವುದಕ್ಕೂ ವ್ಯತ್ಯಾಸ ಒಮ್ಮೆ ಕಣ್ಣಿಗೆ ಹತ್ತಿದರೆ ಮತ್ತೆ ಮರೆಯುವುದಿಲ್ಲ. ಆದರೂ ಅನುಮಾನವಿದ್ದರೆ ಡಿಎನ್‌ಎಗೆ ಅಂಟುವ ಆಕ್ರಿಡೀನ್ ಆರೆಂಜ್ ಬಣ್ಣ ಹಾಕಿ, ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಗಂಧಕದ ಪುಡಿಯಿರುವ ಕಲ್ಚರಿನ ಒಡಿ (ಬೆಳಕು ಹಾಯಿಸಿ ಅಳೆಯುವ ಮಬ್ಬು) ಓದುವುದನ್ನು ಮಾತ್ರ ಬಿಟ್ಟುಬಿಡಿ. ಆ ಸಂಖ್ಯೆಗೆ ಏನೂ ಅರ್ಥವಿಲ್ಲ.

ಚೆನ್ನಾಗಿ ಶುರುವಾಗಿ ನಡುವೆ ನಿಂತಿತು

ನಿಂತದ್ದು ಬ್ಯಾಕ್ಟೀರಿಯಾವೋ ಪಿಎಚ್ ಮೀಟರಿನ ಮುಳ್ಳೋ ಎಂದು ಮೊದಲು ತೀರ್ಮಾನಿಸಿ. ಪಿಎಚ್ ಲಾಗರಿತಮ್ ಅಳತೆ. ಪಿಎಚ್ ಬದಲಾಗದಂತೆ ತಡೆಯುವ ಬಫರನ್ನು ಪಕ್ಕಕ್ಕಿಟ್ಟರೂ 4ರಿಂದ 3ಕ್ಕೆ ಇಳಿಯಲು ಲೀಟರಿಗೆ 0.9 ಮಿಲಿಮೋಲ್ ಆಮ್ಲ ಸಾಕು, 3ರಿಂದ 2ಕ್ಕೆ 9 ಬೇಕು, 2ರಿಂದ 1ಕ್ಕೆ 90. ಅದೇ ವೇಗದಲ್ಲಿ ಆಮ್ಲ ಹುಟ್ಟುತ್ತಿದ್ದರೂ ಕೊನೆಯ ಹಂತ ನೂರುಪಟ್ಟು ನಿಧಾನವಾಗಿ ಕಾಣುತ್ತದೆ. ಜೊತೆಗೆ 2ರ ಸುತ್ತಮುತ್ತ ಫಾಸ್ಫೇಟೂ ಬೈಸಲ್ಫೇಟೂ ಪ್ರೋಟಾನು ಹಿಡಿದಿಟ್ಟುಕೊಂಡು ಇನ್ನಷ್ಟು ತಡೆಯುತ್ತವೆ. 1.8ರಲ್ಲಿ "ನಿಂತುಹೋಯಿತು" ಎಂದು ಬರೆದ ನೋಟ್‌ಬುಕ್ಕುಗಳಲ್ಲಿ ಅರ್ಧದಷ್ಟು ನಿಂತೇ ಇರಲಿಲ್ಲವೇನೋ. ಪಿಎಚ್ 3ರ ಕೆಳಗೆ ಹೋದ ಮೇಲೆ ಮೀಟರನ್ನು ಬದಿಗಿಟ್ಟು, ಪುಡಿ ಸೋಸಿದ ದ್ರವವನ್ನು 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಟೈಟ್ರೇಟ್ ಮಾಡಿ, ಮೊದಲ ದಿನದ ಸಂಖ್ಯೆಯನ್ನು ಕಳೆಯಿರಿ. ಇಲ್ಲದಿದ್ದರೆ ಮಾಧ್ಯಮದ ಫಾಸ್ಫೇಟ್ ಹೀರುವ ಕ್ಷಾರವೂ ಬ್ಯಾಕ್ಟೀರಿಯಾದ ಖಾತೆಗೆ ಬೀಳುತ್ತದೆ.

ಇನ್ನೊಂದು ಭ್ರಮೆ: ಗಂಧಕದ ಪುಡಿಯ ಮೇಲೆ ಬೆಳವಣಿಗೆ ಸದಾ ಇಮ್ಮಡಿಸುತ್ತಾ ಹೋಗುತ್ತದೆ ಎಂಬುದು. ಖಾಲಿ ಮೇಲ್ಮೈ ಇರುವವರೆಗೆ ಮಾತ್ರ ಹಾಗೆ. ಕಣಗಳ ಮೈತುಂಬಾ ಜೀವಕೋಶ ಕೂತ ಮೇಲೆ ಆಮ್ಲ ನೇರ ಗೆರೆಯಲ್ಲಿ ಏರುತ್ತದೆ. ರೇಖೆ ಬಾಗಿದ್ದು ಕಾಯಿಲೆಯಲ್ಲ, ಜಾಗ ಮುಗಿದದ್ದು. ಇನ್ನಷ್ಟು ಸಣ್ಣ ಪುಡಿ ಹಾಕಿ ನೋಡಿ. ವೇಗ ಹೆಚ್ಚಿದರೆ ರೋಗನಿರ್ಣಯ ಮುಗಿಯಿತು.

ಟೈಟ್ರೇಷನ್ನೂ ನಿಂತಿದೆ ಎಂದರೆ, ಮತ್ತೆ ಗಾಳಿ ನೋಡಿ, ಆದರೆ ಈ ಸಲ ಆಮ್ಲಜನಕವಲ್ಲ, ಕಾರ್ಬನ್ ಡೈಆಕ್ಸೈಡ್. ಗಾಳಿಯಲ್ಲಿ ಅದಿರುವುದು ಸುಮಾರು 0.04 ಶೇಕಡಾ. ತಟಸ್ಥ ನೀರಿನಲ್ಲಿ ಬೈಕಾರ್ಬನೇಟ್ ಆಗಿ ಒಂದಿಷ್ಟು ದಾಸ್ತಾನು ಇರುತ್ತದೆ, ಆಮ್ಲದಲ್ಲಿ ಆ ದಾಸ್ತಾನೇ ಇಲ್ಲ. ನನಗೆ ಗೊತ್ತಿರುವ ಒಂದು ಪ್ರಯೋಗಾಲಯದಲ್ಲಿ ಗಾಳಿ ಶುದ್ಧವಾಗಿರಲಿ ಎಂದು ಅದನ್ನು ಕ್ಷಾರದ ಬಾಟಲಿ ಮೂಲಕ ಹಾಯಿಸುತ್ತಿದ್ದರು. ಕ್ಷಾರ ಕಾರ್ಬನ್ ಡೈಆಕ್ಸೈಡನ್ನೆಲ್ಲ ಕುಡಿದು ಬ್ಯಾಕ್ಟೀರಿಯಾಗಳನ್ನು ಅಷ್ಟೇ ಶುದ್ಧವಾಗಿ ಉಪವಾಸ ಕೆಡವಿತ್ತು. ಗುರುತು ಸ್ಪಷ್ಟ: ಗಂಧಕದ ಉತ್ಕರ್ಷಣೆ ಕುಂಟುತ್ತಾ ನಡೆದಿರುತ್ತದೆ, ಜೀವಕೋಶದ ಸಂಖ್ಯೆ ಏರುವುದಿಲ್ಲ. ಗಾಳಿಗೆ 1 ಶೇಕಡಾ ಕಾರ್ಬನ್ ಡೈಆಕ್ಸೈಡ್ ಸೇರಿಸಿ ನೋಡಿ.

ತಟಸ್ಥ ಪಿಎಚ್ ಜಾತಿಗಳು ನಿಲ್ಲಲು ಸಾಮಾನ್ಯ ಕಾರಣ ತಮ್ಮದೇ ಆಮ್ಲ. ಥಯೋಪಾರಸ್‌ಗೆ 40 ಮಿಲಿಮೋಲ್ ಆಮ್ಲ ತಡೆಯುವಷ್ಟು ಬಫರ್ ಕೊಟ್ಟಿದ್ದೀರಾ, ಕೂಡಿ ಕಳೆದು ನೋಡಿ. ಮಾಧ್ಯಮಕ್ಕೆ ಬ್ರೋಮೋಕ್ರೆಸಾಲ್ ಪರ್ಪಲ್ ಹಾಕಿದ್ದರೆ ನೇರಳೆ ಹಳದಿಗೆ ತಿರುಗಿದ್ದು ದೂರದಿಂದಲೇ ಕಾಣುತ್ತದೆ. ಆಗ ಕಾರ್ಬನೇಟ್ ದ್ರಾವಣ ಹನಿಸಿ ಮತ್ತೆ ನೇರಳೆಗೆ ತನ್ನಿ.

ಅಗಾರ್ ಪ್ಲೇಟಿನ ಮೇಲೆ ಬರುವುದಿಲ್ಲ

ಆಮ್ಲದ ಜೊತೆ ಅಗಾರ್ ಕಾಯಿಸಿದರೆ ಅದು ಒಡೆದು ಗಟ್ಟಿಯಾಗುವುದೇ ಇಲ್ಲ, ಒಡೆದ ಸಕ್ಕರೆಗಳು ನಮ್ಮ ಬ್ಯಾಕ್ಟೀರಿಯಾವನ್ನೂ ತಡೆಯುತ್ತವೆ. ಅಗಾರನ್ನು ನೀರಿನಲ್ಲಿ ಇಮ್ಮಡಿ ಗಟ್ಟಿಯಾಗಿ ಒಂದು ಬಾಟಲಿಯಲ್ಲಿ, ಆಮ್ಲ ಲವಣಗಳನ್ನು ಇಮ್ಮಡಿಯಾಗಿ ಇನ್ನೊಂದರಲ್ಲಿ ಕಾಯಿಸಿ, 50 ಡಿಗ್ರಿಗೆ ತಣಿದ ಮೇಲೆ ಕೂಡಿಸಿ ಕೂಡಲೇ ಸುರಿಯಿರಿ. ಅಗಾರ್ ಬದಲಿಗೆ ಗೆಲ್ಲಾನ್ ಸಿಕ್ಕರೆ ಇನ್ನೂ ಒಳ್ಳೆಯದು. ಎರಡು ವಾರದೊಳಗೆ ಕಾಲೊನಿ ಹುಡುಕಬೇಡಿ. ಹುಡುಕಿದಾಗಲೂ ಭೂತಗನ್ನಡಿ ಹಿಡಿಯಿರಿ.

ಪ್ಲೇಟಿನ ಮೇಲೆ ಮೂರೇ ದಿನಕ್ಕೆ ಕೊಬ್ಬಿದ ಕಾಲೊನಿ ಬಂದರೆ ಅದು ನಿಮ್ಮದಲ್ಲ. ಆಮ್ಲದಲ್ಲೇ ಬದುಕುವ, ಆದರೆ ಸಾವಯವ ಪದಾರ್ಥ ತಿನ್ನುವ ಆಸಿಡಿಫಿಲಿಯಂನಂಥವು ಈ ಕಲ್ಚರುಗಳ ಹಳೆಯ ಬಾಡಿಗೆದಾರರು. ನಮ್ಮವು ಸೋರಿಸುವ ಸಾವಯವ ಆಮ್ಲಗಳನ್ನು ತಿಂದುಕೊಂಡು ಉಪಕಾರವನ್ನೂ ಮಾಡುತ್ತವೆ. ಹಾಗಾಗಿ ಎಷ್ಟೋ ಸಲ ಶುದ್ಧಗೊಳಿಸಿದ ಕಲ್ಚರೇ ಮೊದಲಿಗಿಂತ ಸೊರಗುತ್ತದೆ.

ಬೆಜ್ಜಿಯಟೋವಾವನ್ನು ಶೇಕರ್ ಮೇಲಿಟ್ಟೆ, ಮಾಯವಾಯಿತು

ಮಾಯವಾಗಲೇಬೇಕು. ಅದಕ್ಕೆ ಕೆಳಗಿನಿಂದ ಸಲ್ಫೈಡ್, ಮೇಲಿನಿಂದ ಆಮ್ಲಜನಕ, ಎರಡೂ ತೆಳುವಾಗಿ ಸಂಧಿಸುವ ಗೆರೆ ಬೇಕು. ಕಲಕಿದ ಫ್ಲಾಸ್ಕಿನಲ್ಲಿ ಆ ಗೆರೆಯೇ ಇಲ್ಲ, ಅದಕ್ಕಿಂತ ಮೊದಲು ಗಾಳಿಯೇ ಸಲ್ಫೈಡನ್ನು ಮುಗಿಸುತ್ತದೆ. ಪರೀಕ್ಷಾ ನಳಿಕೆಯ ತಳದಲ್ಲಿ ಸಲ್ಫೈಡ್ ಬೆರೆಸಿದ ಗಟ್ಟಿ ಅಗಾರ್, ಮೇಲೆ ಸಲ್ಫೈಡ್ ಇಲ್ಲದ ಮೆತ್ತನೆಯ ಅಗಾರ್ ಹಾಕಿ, ಅಲುಗಿಸದೆ ಇಡಿ. ಮೇಲ್ಮೈಯಿಂದ ಸ್ವಲ್ಪ ಕೆಳಗೆ ತೆಳುವಾದ ಬಿಳಿ ಪರದೆಯೊಂದು ಅಡ್ಡಲಾಗಿ ಕಟ್ಟುತ್ತದೆ.

ಕಾಲಮ್ಮು, ರಿಯಾಕ್ಟರು

ಈ ಬ್ಯಾಕ್ಟೀರಿಯಾ ಬಳಸಿ ಅನಿಲದಿಂದ ಹೈಡ್ರೋಜನ್ ಸಲ್ಫೈಡ್ ತೆಗೆಯುವ ಕಾಲಮ್ಮು ಹಳದಿ ಮಡ್ಡಿಯಿಂದ ಕಟ್ಟಿಕೊಂಡರೆ ಗಂಧಕದ ಲೆಕ್ಕ ಅಲ್ಲೇ ಕಣ್ಣೆದುರಿಗಿದೆ. ಸಲ್ಫೈಡ್ ಒಂದಕ್ಕೆ ಅರ್ಧ ಅಣು ಆಮ್ಲಜನಕ ಕೊಟ್ಟರೆ ಅದು ಗಂಧಕಕ್ಕೆ ನಿಲ್ಲುತ್ತದೆ, ಎರಡು ಕೊಟ್ಟರೆ ಸಲ್ಫೇಟ್‌ವರೆಗೆ ಹೋಗುತ್ತದೆ. ಮಡ್ಡಿ ಬೇಡವಾದರೆ ಗಾಳಿ ಹೆಚ್ಚಿಸಿ, ಗಂಧಕವೇ ಬೇಕಾಗಿದ್ದರೆ ಗಾಳಿ ಅಳೆದು ಬಿಟ್ಟು ಮಡ್ಡಿ ತೆಗೆಯುವ ದಾರಿ ಮಾಡಿಕೊಳ್ಳಿ. ಒಳಬರುವ ಅನಿಲದಲ್ಲಿ ಮೀಥೇನ್ ಇದ್ದರೆ ಮಾತ್ರ ಮನಬಂದಂತೆ ಗಾಳಿ ಬೆರೆಸಬೇಡಿ, ಸ್ಫೋಟದ ಮಿತಿ ಮೊದಲು ನೋಡಿ.

ನೀರಿನ ನೈಟ್ರೇಟ್ ತೆಗೆಯಲು ಗಂಧಕದ ಕಾಲಮ್ಮು ಓಡಿಸುವವರ ಸಾಮಾನ್ಯ ದೂರು, ಮೊದಲೆರಡು ವಾರ ಚೆನ್ನಾಗಿದ್ದು ಆಮೇಲೆ ನೈಟ್ರೈಟ್ ಬರತೊಡಗಿತು ಎಂದು. ಕ್ಷಾರೀಯತೆ ಅಳೆಯಿರಿ. ನೈಟ್ರೇಟಿನ ಪ್ರತಿ ಮಿಲಿಗ್ರಾಂ ಸಾರಜನಕಕ್ಕೆ ಸುಮಾರು 4.6 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬನೇಟಿನಷ್ಟು ಕ್ಷಾರ ಖರ್ಚಾಗಿ, 7.5 ಮಿಲಿಗ್ರಾಂ ಸಲ್ಫೇಟ್ ಬರುತ್ತದೆ. ಗಂಧಕದ ಜೊತೆ ಸುಣ್ಣದಕಲ್ಲಿನ ಚೂರು ಬೆರೆಸುವುದು ಅದಕ್ಕೇ, ಮತ್ತು ಆ ಚೂರುಗಳು ಗಂಧಕಕ್ಕಿಂತ ಮೊದಲೇ ಸವೆದುಹೋಗಿರಬಹುದು.

ಅಳತೆಯೇ ಸುಳ್ಳು ಹೇಳಿದಾಗ

ಲೆಕ್ಕ ತಾಳೆಯಾಗದೆ ಬ್ಯಾಕ್ಟೀರಿಯಾವನ್ನು ಬೈಯುವ ಮುನ್ನ ಮೂರು ಕಡೆ ನೋಡುತ್ತೇನೆ. ಪಿಎಚ್ 7 ಮತ್ತು 4ರ ಬಫರಿನಲ್ಲಿ ಹೊಂದಿಸಿದ ಮೀಟರು 1.5ರಲ್ಲಿ ಹೇಳುವುದನ್ನು ನಂಬಲಾಗದು, 1.68ರ ಬಫರನ್ನೂ ತೋರಿಸಿ. ಸಲ್ಫೈಡ್ ಇದ್ದಲ್ಲಿ ಅದ್ದಿದ ಎಲೆಕ್ಟ್ರೋಡಿನ ಸಂಧಿ ಸಿಲ್ವರ್ ಸಲ್ಫೈಡ್‌ನಿಂದ ಕಪ್ಪಾಗಿ ಕಟ್ಟಿಕೊಂಡಿದ್ದರೆ ಆಮ್ಲ ಬೆರೆಸಿದ ಥಯೋಯೂರಿಯಾ ದ್ರಾವಣದಲ್ಲಿ ನೆನೆಹಾಕಿ. ಬೇರಿಯಂ ಕ್ಲೋರೈಡ್ ಹಾಕಿ ಮಬ್ಬು ಅಳೆಯುವ ಸಲ್ಫೇಟ್ ಪರೀಕ್ಷೆಯಲ್ಲಿ ಕಾರಕದ ಆಮ್ಲವೇ ಉಳಿದ ಥಯೋಸಲ್ಫೇಟನ್ನು ಗಂಧಕವಾಗಿಸಿ ಮಬ್ಬು ಹೆಚ್ಚಿಸುತ್ತದೆ. ಬೇರಿಯಂ ಇಲ್ಲದೆ ಅದೇ ಮಾದರಿಯನ್ನು ಅಷ್ಟೇ ಹೊತ್ತು ಇಟ್ಟು ಓದಿ ಕಳೆಯಿರಿ. ಅಯೋಡಿನ್ ಟೈಟ್ರೇಷನ್ನಿನಲ್ಲಿ ಸಲ್ಫೈಟ್ ಕೂಡ ಥಯೋಸಲ್ಫೇಟ್ ವೇಷದಲ್ಲಿ ಬರುತ್ತದೆ. ಚೂರು ಫಾರ್ಮಾಲ್ಡಿಹೈಡ್ ಹಾಕಿದರೆ ಅದು ಹಿಂದೆ ಸರಿಯುತ್ತದೆ. ಟೆಟ್ರಾಥಯೋನೇಟನ್ನು ಸಯನೈಡ್ ಬಳಸಿ ಅಳೆಯುವ ವಿಧಾನ ನಿಖರವಾದದ್ದು, ಆದರೆ ಆಮ್ಲದ ಕಲ್ಚರುಗಳಿರುವ ಮೇಜಿನ ಮೇಲೆ ಸಯನೈಡ್ ಬಾಟಲಿ ತೆರೆಯುವಂತಿಲ್ಲ. ಆ ಕೆಲಸ ಫ್ಯೂಮ್ ಹುಡ್‌ನಲ್ಲಿ, ಬಲ್ಲವರ ಜೊತೆ ಮಾತ್ರ.

ಪ್ರತಿ ವರ್ಗಾವಣೆಗೂ ಸೊರಗುತ್ತಿದೆ

ಗಂಧಕ ಮುಗಿದ ಮೇಲೆ ತನ್ನದೇ ಆಮ್ಲದಲ್ಲಿ ವಾರಗಟ್ಟಲೆ ಕೂತ ಕಲ್ಚರಿನಿಂದ ಬೀಜ ಎತ್ತುತ್ತಿದ್ದೀರಿ. ಥಯೋಆಕ್ಸಿಡಾನ್ಸ್ ಪಿಎಚ್ 1ರ ಕೆಳಗೂ ಬದುಕುತ್ತದೆ ನಿಜ, ಆದರೆ ಒಳಗಿನ ತಟಸ್ಥತೆಯನ್ನು ಕಾಯಲು ಸದಾ ಪ್ರೋಟಾನು ಹೊರಗೆ ತಳ್ಳುತ್ತಿರಬೇಕು, ಆ ಪಂಪಿಗೆ ಇಂಧನ ಗಂಧಕವೇ. ಇಂಧನ ಮುಗಿದ ದಿನದಿಂದ ನೀರು ಒಳಗೆ ಬರುತ್ತಿರುವ ದೋಣಿ ಅದು. ಫ್ಲಾಸ್ಕಿನಲ್ಲಿ ಇನ್ನೂ ಹಳದಿ ಪುಡಿ ಕಾಣುತ್ತಿರುವಾಗ, ಟೈಟ್ರೇಷನ್ ಸಂಖ್ಯೆ ಏರುತ್ತಿರುವಾಗಲೇ ವರ್ಗಾಯಿಸಿ. ಹಳೆಯ ಫ್ಲಾಸ್ಕನ್ನು ಹೊಸದು ಎದ್ದು ನಿಲ್ಲುವವರೆಗೆ ಚೆಲ್ಲಬೇಡಿ. ನನ್ನ ಹದಿನೆಂಟು ದಿನದ ಆ ಫ್ಲಾಸ್ಕನ್ನೂ ಚೆಲ್ಲಿರಲಿಲ್ಲ. ಹಬೆಯಲ್ಲಿ ಕಾಯಿಸಿದ ಹೊಸ ಪುಡಿ ಒಂದು ಗ್ರಾಂ ಉದುರಿಸಿ ಮತ್ತೆ ಶೇಕರ್ ಮೇಲಿಟ್ಟೆ. ಒಂಬತ್ತನೆಯ ದಿನ ಪುಡಿ ಮುಳುಗಿತ್ತು, ಪಿಎಚ್ 2.6.